ನಾಲೆ ಮುಚ್ಚಿ ಆದ ರಸ್ತೆ: ಸಯ್ಯಾಜಿರಾವ್ ರಸ್ತೆಯ ಹಳೇ ಕಟ್ಟಡಗಳು ಯಾಕೆ ಹೀಗಾದವು?

ಮೈಸೂರು: ದಸರಾ ಹತ್ತಿರ ಬಂತು ಅಂದ್ರೆ ಸಯ್ಯಾಜಿರಾವ್ ರಸ್ತೆಯಲ್ಲಿ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಒಂದು ಕಡೆ ದೀಪಾಲಂಕಾರಕ್ಕೆ ಕಂಬ ನೆಡೋದು, ಇನ್ನೊಂದು ಕಡೆ ಶಿಥಿಲವಾದ ಕಟ್ಟಡಗಳ ಮೇಲೆ ಜನ ಹತ್ತದಂತೆ ಎಚ್ಚರಿಕೆ ಕೊಡೋದು. ಜಂಬೂಸವಾರಿ ನೋಡೋಕೆ ಬಂದ ಜನಕ್ಕೆ ಎತ್ತರದ ಜಾಗ ಬೇಕು. ಎತ್ತರದ ಜಾಗ ಇರೋದು ನೂರು ವರ್ಷ ದಾಟಿದ ತಾರಸಿಗಳ ಮೇಲೆ. ಆ ತಾರಸಿಗಳನ್ನೇ ಈಗ ನಂಬೋ ಹಾಗಿಲ್ಲ.

ಹೊರಗಿನಿಂದ ಬಂದವರು ಕೇಳುವ ಪ್ರಶ್ನೆ ಸರಳ: ಊರಿನ ಮುಖ್ಯ ವ್ಯಾಪಾರದ ಬೀದಿ, ರಾಜಮಾರ್ಗ ಅಂತ ಕರೀತೀರಿ, ಮತ್ತೆ ಇದನ್ನ ಯಾಕೆ ಹೀಗೆ ಬಿಟ್ಟಿದ್ದೀರಿ? ಉತ್ತರ ಅಷ್ಟು ಸರಳವಾಗಿಲ್ಲ. ಅದನ್ನು ತಿಳಿಯಬೇಕಾದ್ರೆ ಮೊದಲು ರಸ್ತೆ ಹೇಗೆ ಹುಟ್ಟಿತು ಅಂತ ನೋಡಬೇಕು.

ಕಾವೇರಿ ಬರಬೇಕಿದ್ದ ದಾರಿ

ಈಗ ಬಸ್ಸು, ಆಟೋ, ತಳ್ಳುಗಾಡಿ ಓಡಾಡುವ ಜಾಗದಲ್ಲಿ ಒಂದು ಕಾಲದಲ್ಲಿ ಇದ್ದದ್ದು ಕಾಲುವೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಮತ್ತೆ ರಾಜಧಾನಿಯಾಯ್ತು. ಆಗ ದಿವಾನರಾಗಿದ್ದ ಪೂರ್ಣಯ್ಯನವರು ಊರಿಗೆ ಕಾವೇರಿ ನೀರು ತರಬೇಕು ಅಂತ ದೊಡ್ಡ ನಾಲೆಯೊಂದನ್ನು ತೋಡಿಸಿದರು. ಜನರ ಬಾಯಲ್ಲಿ ಅದು ಪೂರ್ಣಯ್ಯ ನಾಲೆ. ಖರ್ಚು ಬಹಳ ಆಯ್ತು, ಆದರೆ ಅಂದುಕೊಂಡ ಹಾಗೆ ಕಾವೇರಿ ಮಾತ್ರ ಊರಿಗೆ ಹರಿದು ಬರಲಿಲ್ಲ. ನೀರಿಲ್ಲದ ಕಾಲುವೆ ಊರ ನಡುವೆ ಇದ್ದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಕೊಳಚೆ ಸೇರಿತು, ರೋಗದ ಭಯ ಹುಟ್ಟಿತು.

1881ರಲ್ಲಿ ಬ್ರಿಟಿಷರು ಆಡಳಿತವನ್ನು ಹತ್ತನೇ ಚಾಮರಾಜ ಒಡೆಯರ್ ಅವರಿಗೆ ವಾಪಸ್ ಒಪ್ಪಿಸಿದ ಮೇಲೆ ಊರಿನ ಸುಧಾರಣೆಗೆ ಕೈ ಹಾಕಲಾಯಿತು. ಆಗ ನಾಲೆಯ ಬಹುಭಾಗವನ್ನು ಮಣ್ಣು ಹಾಕಿ ಮುಚ್ಚಿದರು. ಹಾಗೆ ಮುಚ್ಚಿದ ಜಾಗದ ಮೇಲೆ ಎದ್ದದ್ದೇ ಈ ಅಗಲವಾದ ರಸ್ತೆ. ಬಿ.ಎಲ್. ರೈಸ್ ಅವರ 1897ರ ಗೆಜೆಟಿಯರ್‌ನಲ್ಲಿ ಇದರ ಪ್ರಸ್ತಾಪ ಇದೆ. ಹೆಸರು ಬಂದದ್ದು ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕ್‌ವಾಡ್ ಅವರಿಂದ. ಮೈಸೂರು, ಬರೋಡ ಎರಡೂ ಆ ಕಾಲಕ್ಕೆ ಮಾದರಿ ಸಂಸ್ಥಾನ ಅನ್ನಿಸಿಕೊಂಡಿದ್ದವು.

ಇದರಲ್ಲೊಂದು ತಮಾಷೆ ಇದೆ. ನೀರು ತರೋಕೆ ಅಂತ ತೋಡಿದ ದಾರಿ ನೀರು ತರಲಿಲ್ಲ. ಆದರೆ ಜನ, ಸರಕು, ಆನೆ ಎಲ್ಲವನ್ನೂ ತಂದಿತು.

ಒಂದೇ ಉಸಿರಿಗೆ ಕಟ್ಟಿದ ಪೇಟೆ

ರಸ್ತೆ, ಮಾರ್ಕೆಟ್, ಗಡಿಯಾರ ಗೋಪುರ, ಅಂಗಡಿ ಸಾಲು ಬೇರೆ ಬೇರೆ ಕಾಲದಲ್ಲಿ ತಾವಾಗೇ ಬೆಳೆದವು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ, ಒಂದೇ ಯೋಚನೆಯಿಂದ ಆದದ್ದು. ವೈಸರಾಯ್ ಲಾರ್ಡ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಚಿಕ್ಕಗಡಿಯಾರ. ಅದರ ಬೆನ್ನಿಗೇ ದೇವರಾಜ ಮಾರುಕಟ್ಟೆ. ಇನ್ನೊಬ್ಬ ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ 1892ರಲ್ಲಿ ಬಂದಾಗಿನ ನೆನಪಿಗೆ ಜಗನ್ಮೋಹನ ಅರಮನೆ ಕಡೆಯ ಲ್ಯಾನ್ಸ್‌ಡೌನ್ ಕಟ್ಟಡ. (ಅರಮನೆ ಉತ್ತರಕ್ಕಿರುವ ದೊಡ್ಡಗಡಿಯಾರ ಇವಕ್ಕೆ ಸೇರಿದ್ದಲ್ಲ. ಅದು ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಆದದ್ದು. ಎರಡನ್ನೂ ಕಲಸಿಬಿಡೋರು ಊರಲ್ಲೇ ಇದ್ದಾರೆ.)

ದೇವರಾಜ ಮಾರುಕಟ್ಟೆ ಮೂರು ಎಕರೆಗೂ ಮೀರಿದ ಜಾಗ. ಹೊರಮೈಯಲ್ಲಿ ರಸ್ತೆಗೆ ಮುಖ ಮಾಡಿದ ಅಂಗಡಿ ಸಾಲು, ಒಳಗೆ ಅಂಕಣಗಳು. ಸಯ್ಯಾಜಿರಾವ್ ರಸ್ತೆಯಲ್ಲಿ ಓಡಾಡುವವರಿಗೆ ಕಾಣೋದು ಬಟ್ಟೆ, ಪಾತ್ರೆ, ಚಪ್ಪಲಿ ಅಂಗಡಿ. ಬಾಗಿಲು ದಾಟಿ ಒಳಗೆ ಹೋದರೆ ಬೇರೇನೇ ಲೋಕ: ಕುಂಕುಮದ ಗೋಪುರಗಳು, ಮಾರು ಲೆಕ್ಕದಲ್ಲಿ ಮಲ್ಲಿಗೆ, ಕವಳೆ ಕಟ್ಟಿದ ವೀಳ್ಯದೆಲೆ, ಗೊನೆ ಸಮೇತ ನೇತುಹಾಕಿದ ಬಾಳೆ, ಊದುಬತ್ತಿ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕಾಗದದ ಮೇಲಿನ ಆ ಮಾನ್ಯತೆಗೆ ನಿಜವಾದ ವಿಳಾಸ ಅಂದ್ರೆ ಈ ಮಾರ್ಕೆಟ್ಟೇ. ಹೊರಗೆ ಬಂದರೆ ಗುರು ಸ್ವೀಟ್ ಮಾರ್ಟ್. ಮೈಸೂರು ಪಾಕ್ ಮಾಡಿದವರು ಅಂತ ಹೆಸರಾದ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ.

ರಸ್ತೆ ಅಲ್ಲಿಂದ ಉತ್ತರಕ್ಕೆ ಹೋಗುತ್ತಾ ಸ್ವಭಾವ ಬದಲಿಸುತ್ತೆ. ಧನ್ವಂತ್ರಿ ರಸ್ತೆ ಕೂಡುವ ಕಡೆ ಕೆ.ಆರ್. ಆಸ್ಪತ್ರೆ, ಔಷಧದ ಅಂಗಡಿಗಳು. ಮುಂದೆ ಆಯುರ್ವೇದ ಆಸ್ಪತ್ರೆ ವೃತ್ತ, ಕಾವೇರಿ ಎಂಪೋರಿಯಂ. ಅದರಾಚೆ ಬಂಬೂ ಬಜಾರ್, ಹೈವೇ ವೃತ್ತ. ಅಲ್ಲಿಗೆ ಪೇಟೆ ಮುಗಿದು ಬನ್ನಿಮಂಟಪದ ಬಯಲು.

ಆನೆ ನಡೆಯೋ ರಸ್ತೆ

ಈ ರಸ್ತೆಗೆ ಏನೇ ಮಾಡಬೇಕು ಅಂದ್ರೂ ಮೊದಲು ಎದುರಾಗೋ ಪ್ರಶ್ನೆ: ಅಂಬಾರಿ ಆನೆ ಇಲ್ಲಿ ಹೋಗಬಹುದಾ? ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್. ಆನೆ ಬೆನ್ನ ಮೇಲೆ 750 ಕೆ.ಜಿ. ತೂಕದ ಚಿನ್ನದ ಅಂಬಾರಿ. ಹಿಂದೆ ಅದರಲ್ಲಿ ಮಹಾರಾಜರು ಕೂರುತ್ತಿದ್ದರು, ಈಗ ಚಾಮುಂಡೇಶ್ವರಿ ದೇವಿ. ಬಲರಾಮ, ಅರ್ಜುನ, ಅಭಿಮನ್ಯು ಹೀಗೆ ಒಂದರ ನಂತರ ಒಂದು ಆನೆ ಇದೇ ದಾರಿಯಲ್ಲಿ ಹೊತ್ತು ನಡೆದಿವೆ. ವೀರನಹೊಸಹಳ್ಳಿಯಿಂದ ಗಜಪಯಣ ಶುರುವಾಗಿ ಆನೆಗಳು ಅರಮನೆಗೆ ಬಂದ ಮೇಲೆ ವಾರಗಟ್ಟಲೆ ಇದೇ ರಸ್ತೆಯಲ್ಲಿ ತಾಲೀಮು. ಮೊದಲು ಬರೀ ನಡಿಗೆ, ಆಮೇಲೆ ಮರಳುಮೂಟೆ, ಆಮೇಲೆ ಮರದ ಅಂಬಾರಿ. ಆನೆಗೆ ಬೀದಿಯ ಸದ್ದು, ಜನ, ತಿರುವು ಎಲ್ಲ ಅಭ್ಯಾಸ ಆಗಬೇಕಲ್ಲ.

ಬೇರೆ ಊರುಗಳಲ್ಲಿ ಇಷ್ಟು ಜನಜಂಗುಳಿ ಇರೋ ರಸ್ತೆಗೆ ಯಾವತ್ತೋ ಮೇಲ್ಸೇತುವೆ ಬಂದಿರೋದು. ಇಲ್ಲಿ ಅಂಥ ಮಾತು ಎತ್ತೋದೂ ಕಷ್ಟ. ರಸ್ತೆ ತನ್ನ ಹಳೇ ಅಗಲ, ಹಳೇ ಆಕಾಶ ಉಳಿಸಿಕೊಂಡಿರೋದರಲ್ಲಿ ಜಂಬೂಸವಾರಿಯ ಪಾಲು ದೊಡ್ಡದು. ರಾಜಮಾರ್ಗ ಯೋಜನೆ ಅಂತ ಪಾದಚಾರಿ ಮಾರ್ಗಕ್ಕೆ ಕಲ್ಲು ಹಾಸಿದ್ದು, ಅಲಂಕಾರದ ದೀಪದ ಕಂಬ, ಕಬ್ಬಿಣದ ತಡೆ ಹಾಕಿದ್ದೂ ಅದಕ್ಕೇ. 2020 ಮತ್ತು 2021ರಲ್ಲಿ ಕೋವಿಡ್‌ನಿಂದಾಗಿ ಮೆರವಣಿಗೆ ಅರಮನೆ ಆವರಣಕ್ಕಷ್ಟೇ ಸೀಮಿತವಾಯ್ತು. ವಿಜಯದಶಮಿ ದಿನ ಖಾಲಿ ಬಿದ್ದ ಸಯ್ಯಾಜಿರಾವ್ ರಸ್ತೆ ನೋಡಿ ಬೇಜಾರಾದವರು ಬಹಳ.

ಆದರೆ ಅಲಂಕಾರ ಆದದ್ದು ರಸ್ತೆಗೆ. ಎರಡೂ ಬದಿಯ ಕಟ್ಟಡಗಳ ಕಥೆ ಬೇರೆ.

ಎರಡು ಆಗಸ್ಟ್‌ಗಳು

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ವರು ಸತ್ತರು. ಹಳೇ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಸಾಲು ಅದು. ಮೈಸೂರಲ್ಲಿ ಓದಿದ ಎಷ್ಟೋ ಬಡ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡದ್ದು ಅಲ್ಲೇ. ಅಂಗಡಿಗಳನ್ನು ಖಾಲಿ ಮಾಡಿಸಲಾಯಿತು. ಆಮೇಲೆ ವರ್ಷಗಟ್ಟಲೆ ಕಟ್ಟಡ ಬಾಗಿಲು ಮುಚ್ಚಿಕೊಂಡೇ ನಿಂತಿತು.

2016ರ ಆಗಸ್ಟ್ 28, ಭಾನುವಾರ. ಜೀರ್ಣೋದ್ಧಾರದ ಕೆಲಸ ನಡೆಯುತ್ತಿರುವಾಗಲೇ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ, ಅಂದ್ರೆ ಧನ್ವಂತ್ರಿ ರಸ್ತೆ ಕಡೆಯದ್ದು, ಬಿದ್ದುಹೋಯ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಎರಡೂ ಮಳೆಗಾಲದಲ್ಲಿ ಆದದ್ದು. ಒಂದೊಂದು ಕುಸಿತಕ್ಕೂ ಅದರದ್ದೇ ಕಾರಣ ಇರುತ್ತೆ ನಿಜ, ಆದರೂ ಹಳೇ ಕಟ್ಟಡ ಮಳೆಗಾಲದಲ್ಲಿ ಬೀಳೋದಕ್ಕೆ ಸಾಮಾನ್ಯವಾದ ಕಾರಣಗಳಿವೆ. ಆ ಕಾಲದ ಕಟ್ಟಡಗಳು ಇಟ್ಟಿಗೆ, ಸುಣ್ಣದ ಗಾರೆ, ಮರದ ತೊಲೆಗಳಿಂದ ಆದವು. ಮದ್ರಾಸ್ ತಾರಸಿ ಅಂತಾರಲ್ಲ, ಅದರಲ್ಲಿ ಮರದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆ ತುಂಬುತ್ತಾರೆ. ಕಬ್ಬಿಣ, ಕಾಂಕ್ರೀಟ್ ಇಲ್ಲ. ನೀರು ಇಳಿಯದ ಹಾಗೆ ನೋಡಿಕೊಂಡರೆ ನೂರಾರು ವರ್ಷ ನಿಲ್ಲುತ್ತೆ. ಆದರೆ ತಾರಸಿಯಲ್ಲಿ ಒಂದು ಬಿರುಕು, ಅದರಲ್ಲೊಂದು ಅರಳಿ ಸಸಿ ಬೇರು ಬಿಟ್ಟರೆ ಸಾಕು. ನೀರು ಇಳಿದು ಗೋಡೆಯೊಳಗೆ ಹುದುಗಿರೋ ತೊಲೆಯ ತುದಿ ಕೊಳೆಯುತ್ತೆ. ಹೊರಗಿಂದ ಏನೂ ಕಾಣಲ್ಲ. ಮಳೆಗೆ ತಾರಸಿ ನೀರು ಕುಡಿದು ಭಾರ ಆದ ದಿನ ಕೊಳೆತ ತುದಿ ಕೈಕೊಡುತ್ತೆ.

ಇದರ ಮೇಲೆ ಮನುಷ್ಯರು ಮಾಡೋ ಎಡವಟ್ಟು. ಸುಣ್ಣದ ಗೋಡೆ ಉಸಿರಾಡುತ್ತೆ, ಒಳಗಿನ ತೇವ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಇಟ್ಟಿಗೆ ಪುಡಿಯಾಗುತ್ತೆ. ಅಂಗಡಿ ಚಿಕ್ಕದಾಯ್ತು ಅಂತ ಅಟ್ಟ ಹಾಕೋದು, ಗೋಡೆ ಕೊರೆದು ಕಪಾಟು ಮಾಡೋದು, ಪಕ್ಕದ ಮಳಿಗೆ ಸೇರಿಸಿಕೊಳ್ಳೋಕೆ ನಡುಗೋಡೆ ತೆಗೆಯೋದು. ಸಾಲು ಕಟ್ಟಡದಲ್ಲಿ ಒಬ್ಬರ ಗೋಡೆ ಇನ್ನೊಬ್ಬರ ಆಸರೆ. ಒಂದು ಮಳಿಗೆಯಲ್ಲಿ ಮಾಡಿದ ತಪ್ಪಿಗೆ ನಾಲ್ಕು ಮಳಿಗೆ ದೂರದಲ್ಲಿ ಬಿರುಕು ಕಾಣಿಸಿಕೊಂಡರೆ ಆಶ್ಚರ್ಯ ಇಲ್ಲ.

ಹಾಗಾದ್ರೆ ರಿಪೇರಿ ಮಾಡಬೇಕಾದವರು ಯಾರು? ಗಂಟು ಬಿದ್ದಿರೋದು ಇಲ್ಲೇ. ಮಾರ್ಕೆಟ್ಟು, ಲ್ಯಾನ್ಸ್‌ಡೌನ್ ಎರಡೂ ಪಾಲಿಕೆ ಆಸ್ತಿ, ಒಳಗಿರೋರು ಬಾಡಿಗೆದಾರರು. ತನ್ನದಲ್ಲದ ಗೋಡೆಗೆ ಬಾಡಿಗೆದಾರ ಯಾಕೆ ದುಡ್ಡು ಹಾಕಬೇಕು? ಹಳೇ ಬಾಡಿಗೆಯಿಂದ ಬರೋ ಹಣದಲ್ಲಿ ಮಾಲೀಕ ಎಷ್ಟು ಅಂತ ಮಾಡಬೇಕು? ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಈ ಎರಡು ಸತ್ಯಗಳ ನಡುವೆ ಅರಳಿ ಸಸಿ ಆರಾಮಾಗಿ ಬೆಳೀತು.

ಒಡೆಯೋದಾ, ಉಳಿಸೋದಾ?

2016ರ ನಂತರ ವಾದ ಎರಡಾಗಿ ಸೀಳಿತು. ಕಟ್ಟಡ ಸುರಕ್ಷಿತ ಅಲ್ಲ, ಕೆಡವಿ ಅದೇ ಮಾದರಿಯಲ್ಲಿ ಹೊಸದು ಕಟ್ಟೋಣ ಅನ್ನೋದು ಒಂದು. ಬಿದ್ದದ್ದು ಒಂದು ಭಾಗ ಅಷ್ಟೇ, ಉಳಿದದ್ದನ್ನು ಹಂತಹಂತವಾಗಿ ಸುಣ್ಣದ ಗಾರೆಯಲ್ಲೇ ಸರಿಪಡಿಸಬಹುದು ಅನ್ನೋದು ಇನ್ನೊಂದು. ಪಾರಂಪರಿಕ ತಜ್ಞರಲ್ಲಿ ಇಂಟ್ಯಾಕ್ ಉಳಿಸುವ ಪರ ನಿಂತಿತು. ರಾಜಮನೆತನದ ಪ್ರಮೋದಾದೇವಿ ಒಡೆಯರ್ ಅವರೂ ಕೆಡವುವುದನ್ನು ವಿರೋಧಿಸಿದರು. ತಜ್ಞರ ಸಮಿತಿಗಳಿಂದ ಕೆಡವಬೇಕು ಅನ್ನುವ ವರದಿಯೂ ಬಂತು. ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು.

‘ಅದೇ ಮಾದರಿ’ ಅನ್ನೋ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಹೊರಮುಖದ ಕಮಾನು, ಬಣ್ಣ, ಗೋಪುರ ಹಳೇ ತರ ಮಾಡೋದು ಸಾಧ್ಯ. ಆದರೆ ಮಾರ್ಕೆಟ್ಟಿನ ಬೆಲೆ ಇರೋದು ಮುಖದಲ್ಲಿ ಮಾತ್ರ ಅಲ್ಲ. ಎತ್ತರದ ಚಾವಣಿ, ಗಾಳಿ ಆಡೋ ಅಂಕಣ, ಫ್ರಿಜ್ ಇಲ್ಲದೇ ಹೂವು ಸಂಜೆವರೆಗೆ ಬಾಡದಿರೋ ತಂಪು, ಹಳ್ಳಿಯಿಂದ ಬಂದವರು ನೇರವಾಗಿ ಮೂಟೆ ಇಳಿಸೋಕೆ ನೆಲದ ಮಟ್ಟದಲ್ಲೇ ಇರೋ ಜಾಗ, ಇವೆಲ್ಲ ವಿನ್ಯಾಸದ ಒಳಗೇ ಇವೆ. ಕೆಳಗೆ ವಾಹನ ನಿಲುಗಡೆ, ಮೇಲೆ ಮಹಡಿ ಅಂತ ಶುರುವಾದರೆ ವೀಳ್ಯದೆಲೆ ಮಾರೋರನ್ನು ಮೆಟ್ಟಿಲು ಹತ್ತಿಸಿದ ಹಾಗೆ. ಹತ್ತೋ ಗಿರಾಕಿ ಎಷ್ಟು ಜನ?

ಹಾಗಂತ ಉಳಿಸಿ ಅನ್ನೋದೂ ಸುಲಭದ ಮಾತಲ್ಲ. ಸುಣ್ಣ ಅರೆದು ಗಾರೆ ಮಾಡೋ ಕೈಗಳು ಕಡಿಮೆ. ಕೆಲಸ ನಿಧಾನ. ಆ ನಿಧಾನದಲ್ಲಿ ಇನ್ನೊಂದು ಮಳೆಗಾಲ ಬರುತ್ತೆ. ಒಳಗೆ ದಿನವೂ ಸಾವಿರಾರು ಜನ ಓಡಾಡೋ ಕಟ್ಟಡ ಇದು. ಲ್ಯಾನ್ಸ್‌ಡೌನ್‌ನಲ್ಲಿ ಆದದ್ದು ಮತ್ತೆ ಆದರೆ ಪರಂಪರೆ ಅಂತ ಹೇಳಿ ತಪ್ಪಿಸಿಕೊಳ್ಳೋಕಾಗಲ್ಲ.

ವ್ಯಾಪಾರಿಗಳ ಭಯ ಇವೆರಡಕ್ಕಿಂತ ಬೇರೆ. ಕೆಡವಲಿ, ಉಳಿಸಲಿ, ಕೆಲಸ ನಡೆಯೋವಷ್ಟು ದಿನ ಎಲ್ಲಿ ಕೂರೋದು? ಹೂವಿನ ವ್ಯಾಪಾರ ಜಾಗದ ಮೇಲೆ ನಿಂತದ್ದು. ಮದುವೆ ಮನೆಯೋರು ಅಜ್ಜನ ಕಾಲದಿಂದ ಅದೇ ಮೂಲೆಗೆ ಬರ್ತಾರೆ. ಮೂಲೆ ಬದಲಾದರೆ ಗಿರಾಕಿಯೂ ಬದಲು. ಒಮ್ಮೆ ಖಾಲಿ ಮಾಡಿದ ಮೇಲೆ ವಾಪಸ್ ಬರೋದು ಯಾವಾಗ ಅನ್ನೋದಕ್ಕೆ ಅವರ ಕಣ್ಣೆದುರಿಗೇ ಉದಾಹರಣೆ ಇದೆ. ಚಿಕ್ಕಗಡಿಯಾರದಿಂದ ಜಗನ್ಮೋಹನ ಅರಮನೆ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಲ್ಯಾನ್ಸ್‌ಡೌನ್ ಕಟ್ಟಡ. 2012ರಲ್ಲಿ ಅಲ್ಲಿಂದ ಎದ್ದ ಪುಸ್ತಕದ ವ್ಯಾಪಾರಿಗಳು ವರ್ಷಗಳೇ ಕಳೆದರೂ ಆ ಮಳಿಗೆಗಳಿಗೆ ಮರಳಲಾಗಲಿಲ್ಲ.