ಹಳೇ ಟೈರು, ಹೊಸ ಚಪ್ಪಲಿ

ಚಾಮುಂಡಿ ಬೆಟ್ಟದ ಸುಮಾರು 1000 ಮೆಟ್ಟಿಲನ್ನು ನಾವು ಬರಿಗಾಲಲ್ಲಿ ಹತ್ತುತ್ತೇವೆ. ಅದು ಭಕ್ತಿ. ಆದರೆ ಕೊಳೆ ಮಣ್ಣಲ್ಲಿ ಬರಿಗಾಲು ಯಾಕೆ?

ಬಯಲಲ್ಲಿ ಮಲ ಬಿದ್ದ ಒದ್ದೆ ಮಣ್ಣಿನಲ್ಲಿ ಕೊಕ್ಕೆ ಹುಳುವಿನ ಮರಿ ಇರಬಹುದು. ಅದು ಕಣ್ಣಿಗೆ ಕಾಣದು. ಪಾದದ ಚರ್ಮ ಕೊರೆದು ಮೈ ಸೇರುತ್ತದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ರಕ್ತ ಕಡಿಮೆಯಾಗಿ ಸುಸ್ತು ಬರುತ್ತದೆ. ಬಸುರಿಗೆ ಇದು ಇನ್ನೂ ಅಪಾಯ.

ಕಾಲಿಗೆ ದುಬಾರಿ ಚಪ್ಪಲಿಯೇ ಬೇಕಿಲ್ಲ. ತಂತಿ ಇಲ್ಲದ ಹಳೇ ಟೈರು ಸಾಕು. ಪೇಪರಿನ ಮೇಲೆ ಪಾದ ಇಟ್ಟು ಸುತ್ತ ಗೆರೆ ಎಳೆಯೋಣ. ಅಕ್ಷರ ತಿದ್ದಿದ ಕೈಗೆ ಇದೇನು ಕಷ್ಟ? ಆ ಅಳತೆಗೆ ಟೈರು ಕೊಯ್ಯಬೇಕು. ಚಾಕುವನ್ನು ನೀರಲ್ಲಿ ಅದ್ದಿದರೆ ಸಲೀಸು.

ಹಳೇ ಟ್ಯೂಬಿನಿಂದ ಪಟ್ಟಿ ಕತ್ತರಿಸೋಣ. ಬೆರಳಿನ ಕಡೆ ಒಂದು, ಹಿಮ್ಮಡಿಗೆ ಒಂದು. ಮೊಳೆ ಹೊಡೆದಾಗ ಮೊನೆ ಪಾದಕ್ಕೆ ತಾಕಬಾರದು. ಹಿಮ್ಮಡಿ ಪಟ್ಟಿ ಇದ್ದರೆ ಚಪ್ಪಲಿ ಕೆಸರಲ್ಲಿ ಕಳಚದು. ದೂರದ ಚಳಿ ದೇಶಗಳಲ್ಲಿ ಹಿಮದ ಮೇಲೆ ನಡೆಯುವವರೂ ಮೆಟ್ಟನ್ನು ಟ್ಯೂಬಿನ ಪಟ್ಟಿಯಿಂದ ಬಿಗಿಯುವುದುಂಟು.

ನಮಗೆ ಆಗದಿದ್ದರೆ ಗೆರೆ ಎಳೆದ ಪೇಪರನ್ನು ಚಪ್ಪಲಿ ಹೊಲಿಯುವವರಿಗೆ ಕೊಡೋಣ.

ಈಗಲೇ ಸುಸ್ತು ಇದೆಯಾ ಅಕ್ಕ? ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಕೊಕ್ಕೆ ಹುಳುವಿಗೆ ಮಾತ್ರೆ ಇದೆ. ಮಾತ್ರೆ ನುಂಗಿದ ಮೇಲೂ ಚಪ್ಪಲಿ ಬಿಡಬೇಡಿ.