ಹಳೆಯ ಚಿನ್ನದ ಗುಂಡಿಗಳೂ ಲೋಹಶೋಧಕವೂ

ಹಾಸನ ಜಿಲ್ಲೆಯ ಕೆಂಪಿನಕೋಟೆಯ ಬಳಿ ಹಿಂದಿನವರು ಚಿನ್ನಕ್ಕಾಗಿ ತೋಡಿದ ಗುಂಡಿಗಳುಂಟು. ಇಂತಹ ಕಡೆ ಲೋಹಶೋಧಕವನ್ನು ಹಿಡಿದು ನಡೆದರೆ ಏನು ಸಿಕ್ಕೀತು?

ಯಂತ್ರದ ಗುಟ್ಟು ರೇಡಿಯೊ ಉಳ್ಳವರಿಗೆ ತೀರ ಹೊಸದೇನಲ್ಲ. ಅದರ ಬುಡದಲ್ಲಿರುವುದೂ ತಂತಿಯ ಸುರುಳಿಯೇ. ಸುರುಳಿಯ ವಿದ್ಯುತ್ತು ಬದಲಾದಂತೆಲ್ಲ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗುತ್ತದೆ. ನೆಲದೊಳಗೆ ಕಬ್ಬಿಣದ ಉಳಿಯೊಂದಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿಗಳೇಳುತ್ತವೆ. ಅವುಗಳ ಮಾರ್ದನಿಯೇ ನಮ್ಮ ಕಿವಿಗೆ ಬೀಳುವ ಸದ್ದು. ಕಾಂತಶಿಲೆ ಬೆರೆತ ಮಣ್ಣೂ ಹೀಗೆಯೇ ಕೂಗಿ ಮೋಸಗೊಳಿಸಬಲ್ಲುದು. ಅದಿರಿನೊಳಗಿನ ಚಿನ್ನವಾದರೋ ಬಲು ಸಣ್ಣ ಕಣ. ಸಾಮಾನ್ಯವಾಗಿ ಯಂತ್ರಕ್ಕೆ ತಿಳಿಯುವುದೇ ಇಲ್ಲ!

ಗಣಿಗಾರರ ನಿಜವಾದ ಕುರುಹುಗಳು ಬೇರೆ: ಅದಿರನ್ನು ಅರೆದ ಕಲ್ಲು, ಬಂಡೆಯನ್ನು ಕಾಯಿಸಿ ಸೀಳಲು ಹೊತ್ತಿಸಿದ ಬೆಂಕಿಯ ಇದ್ದಿಲು, ಆಸರೆಗೆ ಕೊಟ್ಟ ಮರ, ಮಡಕೆಯ ಚೂರು. ಇವೆಲ್ಲ ಯಂತ್ರದ ಮುಂದೆ ಮೂಕವಾಗಿರುತ್ತವೆ. ಹಟ್ಟಿಯ ಹಳೆಯ ಗಣಿಯ ಮರವನ್ನು ಇಂಗಾಲ ವಿಧಾನದಿಂದ ಪರೀಕ್ಷಿಸಿದಾಗ ಅದು ಸುಮಾರು 1,900 ವರ್ಷಗಳಷ್ಟು ಹಳೆಯದೆಂದು ತಿಳಿಯಿತು. ಉಳಿಯನ್ನು ಕಿತ್ತು ಮನೆಗೊಯ್ದರೆ ಪಕ್ಕದ ಇದ್ದಿಲು ಕದಡಿ, ಅದರ ವಯಸ್ಸು ಹೇಳಬಹುದಾಗಿದ್ದ ಸಾಕ್ಷಿಯೇ ಹೋಯಿತು.

ಮಸ್ಕಿಯಲ್ಲಿ 1915ರಲ್ಲಿ ಚಿನ್ನವನ್ನರಸುತ್ತಿದ್ದ ಎಂಜಿನಿಯರ್ ಬೀಡನ್ ಅವರಿಗೆ ಕಂಡದ್ದು ಅಶೋಕನ ಹೆಸರುಳ್ಳ ಶಾಸನ. ಬಂಡೆ ಇಂದಿಗೂ ಅಲ್ಲಿಯೇ ಇದೆ. ನೆಲದಲ್ಲಿ ಹುದುಗಿದ ಬೆಲೆಯುಳ್ಳ ವಸ್ತು ದೊರೆತರೆ ಸರ್ಕಾರಕ್ಕೆ ತಿಳಿಸಬೇಕೆಂಬುದು ನಮ್ಮ ರಾಜ್ಯದ 1962ರ ನಿಧಿ ಕಾಯಿದೆ.