ಘಟ್ಟದ ದಾರಿ ಕಾಯುವ ನಗರದ ಕೋಟೆ

ಕುಂದಾಪುರದಿಂದ ಹೊಸಂಗಡಿ ದಾಟಿ, ಹುಲಿಕಲ್ ಘಾಟಿ ಹತ್ತಿ, ಕಾಡಿನ ದಾರಿ ಹಿಡಿದು ಸಾಗಿದರೆ ಸಿಗುವ ಊರು ನಗರ. ಹೆಸರು ಕೇಳಿ ದೊಡ್ಡ ಪೇಟೆಯೆಂದು ಬಂದವರಿಗೆ ಕಾಣುವುದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ, ಪಕ್ಕದ ಗುಡ್ಡದ ಮೇಲೊಂದು ಪಾಚಿಗಟ್ಟಿದ ಕೋಟೆ.

ಬಿದಿರಿನಿಂದ ಹೆಸರು ಪಡೆದ ಬಿದನೂರೇ ಇದು. ಕೆಳದಿಯ ಅರಸರು ಇಕ್ಕೇರಿಯ ನಂತರ ರಾಜಧಾನಿಯನ್ನು ಇಲ್ಲಿಗೆ ತಂದರು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಕಾಲದಲ್ಲಿ ಊರು ಬೆಳೆಯಿತು. ಅವನ ಕಂದಾಯದ 'ಶಿಸ್ತು' ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಘಟ್ಟದ ಮೇಲಿನ ಈ ಕೋಟೆಯ ಬೊಕ್ಕಸ ತುಂಬುವುದರಲ್ಲಿ ಘಟ್ಟದ ಕೆಳಗಿನ ಬಸರೂರಿನ ಪಾಲು ಎಷ್ಟಿತ್ತೆಂಬುದನ್ನು ನೆನೆಯುವವರು ಕಡಿಮೆ. ಅಕ್ಕಿ, ಮೆಣಸು ಹಡಗು ಹತ್ತುತ್ತಿದ್ದುದು ಅಲ್ಲಿ. ಆ ಸಂಪತ್ತಿಗಾಗಿಯೇ 1665ರಲ್ಲಿ ಶಿವಾಜಿ ಸಮುದ್ರದ ಮೂಲಕ ಬಂದು ಬಸರೂರನ್ನು ಕೊಳ್ಳೆ ಹೊಡೆದ. ಮುಂದೆ ಅದೇ ಶಿವಾಜಿಯ ಮಗ ರಾಜಾರಾಮ, ಔರಂಗಜೇಬನ ಸೈನ್ಯಕ್ಕೆ ಸಿಗದೆ ಓಡುತ್ತಿದ್ದಾಗ ಆಶ್ರಯ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಹಳೆಯ ಲೆಕ್ಕ ಅವಳು ತೆಗೆಯಲಿಲ್ಲ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರವೆಂದು ಕರೆದ. ರಾಣಿ ವೀರಮ್ಮಾಜಿ ಸೆರೆಯಾಗಿ ಮಧುಗಿರಿ ಕೋಟೆ ಸೇರಿದಳು.

ಕುಂದಾಪುರದವರಿಗೆ ಹತ್ತಿರದ ಕಥೆ ಇದರ ನಂತರದ್ದು. 1783ರ ಜನವರಿಯಲ್ಲಿ ಇಂಗ್ಲಿಷ್ ಸೇನಾಧಿಪತಿ ಮ್ಯಾಥ್ಯೂಸ್ ಕುಂದಾಪುರವನ್ನು ಹಿಡಿದು, ಹೊಸಂಗಡಿ ಘಾಟಿಯನ್ನೇ ಏರಿ ನಗರಕ್ಕೆ ಹೋದ. ಹೈದರ್ ಆಗಷ್ಟೇ ತೀರಿಹೋಗಿದ್ದ. ಕೋಟೆಯ ಅಧಿಕಾರಿ ಅಯಾಜ್‌ಗೆ ಟಿಪ್ಪುವಿನ ಭಯ. ಕೋಟೆ ಕಾದಾಟವಿಲ್ಲದೆಯೇ ಇಂಗ್ಲಿಷರ ಕೈಸೇರಿತು. ಸುಲಭವಾಗಿ ಸಿಕ್ಕಿದ್ದು ಸುಲಭವಾಗಿ ಉಳಿಯಲಿಲ್ಲ. ದೊಡ್ಡ ಸೈನ್ಯದೊಂದಿಗೆ ಬಂದ ಟಿಪ್ಪು, ಘಟ್ಟದ ದಾರಿಗಳನ್ನು ಮೊದಲು ವಶಪಡಿಸಿಕೊಂಡ. ಕರಾವಳಿಯಿಂದ ನೆರವು ಬರುವ ಹಾಗಿಲ್ಲ, ಅತ್ತ ಇಳಿದು ಹೋಗುವ ಹಾಗೂ ಇಲ್ಲ. ಕೆಲವೇ ತಿಂಗಳಲ್ಲಿ ಮ್ಯಾಥ್ಯೂಸ್ ಶರಣಾದ. ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಗೋಡೆ ಎಷ್ಟು ದಪ್ಪವಿದ್ದರೇನು, ದಾರಿ ಯಾರ ಕೈಯಲ್ಲಿತ್ತೋ ಕೋಟೆಯೂ ಅವರದ್ದೇ ಆಯಿತು.

ರಾಜ್ಯ ಹೋದ ಮೇಲೆ ಪೇಟೆಯೂ ಕರಗಿತು. ಕಳೆದ ಶತಮಾನದಲ್ಲಿ ಅಣೆಕಟ್ಟುಗಳ ಹಿನ್ನೀರು ಸುತ್ತಲಿನ ಗದ್ದೆ, ತೋಟಗಳನ್ನು ನುಂಗಿದಾಗ ಜನ ಇನ್ನಷ್ಟು ಚದುರಿದರು. ಕೋಟೆಯೊಳಗೆ ಈಗ ದರ್ಬಾರಿನ ಕಟ್ಟೆ, ಅಕ್ಕ-ತಂಗಿಯರ ಕೊಳ, ಕಾವಲು ಬುರುಜುಗಳು ಉಳಿದಿವೆ. ಕೊಲ್ಲೂರಿಗೆ ಪ್ರವಾಸ ಹೊರಡುವ ಶಾಲೆಗಳ ಬಸ್ಸು ಇನ್ನೊಂದಿಷ್ಟು ದೂರ ಘಟ್ಟ ಹತ್ತಿದರೆ, ಮಕ್ಕಳು ಬುರುಜಿನ ಮೇಲೆ ನಿಂತು ತಾವು ಬಂದ ದಿಕ್ಕನ್ನು ನೋಡಬಹುದು.